ಅಪ್ಪನ ಆರೈಕೆಗೆ ಕಲಬುರಗಿಯಲ್ಲಿ ಎರಡು ಕೇಂದ್ರ, ಒಂದು ಮನೆ: ನಾವು ಕಂಡ ವ್ಯತ್ಯಾಸ

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಕೇಂದ್ರ ಹೇಗಿದೆ ಎಂಬುದು ಅಲ್ಲಿ ಮಲಗಿದವರ ಹಿಮ್ಮಡಿ ನೋಡಿದರೆ ಗೊತ್ತಾಗುತ್ತದೆ. ಹೊದಿಕೆ ಸರಿಸಿ ಕಾಲೆತ್ತಿ ನೋಡಬೇಕು. ಕೆಂಪಗಾದ ಜಾಗವಿದ್ದರೆ ಹೆಬ್ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಬಣ್ಣ ಕದಲದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಕಡುವಾಗಿದೆಯೇ, ಮುಟ್ಟಿದರೆ ಬಿಸಿಯೋ ಗಡಸೋ ಎಂದು ನೋಡಬೇಕು. ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಮೂಳೆ, ಮೊಣಕೈಗಳನ್ನೂ ಹೀಗೆಯೇ ನೋಡಬೇಕು. ಹೊಸ ಬಣ್ಣ, ನುಣುಪಾದ ಟೈಲ್ಸ್, ಸ್ವಾಗತ ಕೊಠಡಿಯ ಸೋಫಾ ಯಾವುದೂ ಈ ಅಂಗೈ ಅಗಲದ ಚರ್ಮದಷ್ಟು ಸತ್ಯ ಹೇಳುವುದಿಲ್ಲ.

ನನ್ನ ಅಪ್ಪ ಇಲ್ಲಿಯ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಜೀವನವಿಡೀ ತೊಗರಿಯ ಲೆಕ್ಕ ಬರೆದವರು. ಲಕ್ವಾ ಹೊಡೆದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೊದಲು ರಿಂಗ್ ರಸ್ತೆಯ ಹತ್ತಿರದ ಖಾಸಗಿ ಆರೈಕೆ ಕೇಂದ್ರದಲ್ಲಿ ಇಟ್ಟೆವು. ಆಮೇಲೆ ಮನೆಯಲ್ಲೇ ಸಹಾಯಕರನ್ನು ಇಟ್ಟುಕೊಂಡೆವು. ಈಗ ಆಳಂದ ರಸ್ತೆಯ ಕಡೆ ಒಂದು ಟ್ರಸ್ಟ್ ನಡೆಸುವ ಹಳೆಯ ವೃದ್ಧಾಶ್ರಮದಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ, ಜಾಗ ಗುರುತಿಸಲು ಇಷ್ಟು ಸಾಕು. ನನಗೆ ಬೇಕಾದದ್ದು ಇನ್ನೊಬ್ಬರು ತಮ್ಮ ತಂದೆ ತಾಯಿಗೆ ಜಾಗ ಹುಡುಕುವಾಗ ಏನನ್ನು ನೋಡಬೇಕು ಎಂಬುದು ತಿಳಿಯಲಿ ಎಂಬುದಷ್ಟೆ.

ಕಣ್ಣಿಗೆ ಕಾಣುವುದರಲ್ಲಿ ರಿಂಗ್ ರಸ್ತೆಯದೇ ಮುಂದು. ಹವಾನಿಯಂತ್ರಿತ ಕೊಠಡಿ, ಮೇಲೆ ಕೆಳಗೆ ಮಾಡಬಹುದಾದ ಮಂಚ, ಗಾಳಿ ಹಾಸಿಗೆ, ಮೂಲೆ ಮೂಲೆಗೆ ಕ್ಯಾಮೆರಾ, ವಾರದಲ್ಲಿ ಹಲವು ಬಾರಿ ಫಿಸಿಯೋಥೆರಪಿ. ತಿಂಗಳಿಗೆ 26,000 ರೂಪಾಯಿ. ಡಯಾಪರ್, ಔಷಧ, ವೈದ್ಯರ ಭೇಟಿ ಎಲ್ಲಕ್ಕೂ ಬೇರೆ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವಾಗ ತಂಪಾದ ಕೊಠಡಿ ಸಣ್ಣ ಮಾತಲ್ಲ, ಅದನ್ನು ಒಪ್ಪುತ್ತೇನೆ. ಆಳಂದ ರಸ್ತೆಯದರಲ್ಲಿ ಉದ್ದನೆಯ ಹಜಾರ, ಸದ್ದು ಮಾಡುವ ಕೂಲರ್, ಕಬ್ಬಿಣದ ಮಂಚ. ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ. ತಿಂಗಳಿಗೆ 14,000, ಊಟ ಮತ್ತು ಆರೈಕೆ ಅದರಲ್ಲೇ. ಹೊರಗಿನಿಂದ ನೋಡಿದವರು ಯಾವುದನ್ನು ಆರಿಸುತ್ತಾರೆ ಎಂಬುದು ಸ್ಪಷ್ಟ. ನಮ್ಮ ಸಂಬಂಧಿಕರೆಲ್ಲ ಮೊದಲನೆಯದನ್ನೇ ಹೊಗಳಿದರು.

ರಿಂಗ್ ರಸ್ತೆಯ ಕೊಠಡಿಯಲ್ಲಿ ಅಪ್ಪನ ಮಂಚದ ಪಕ್ಕ ಒಂದು ಸಣ್ಣ ಮೇಜು, ಅದರ ಮೇಲೆ ಸ್ಟೀಲ್ ಲೋಟದ ತುಂಬ ನೀರು. ಯಾವಾಗ ಹೋದರೂ ಲೋಟ ತುಂಬಿರುತ್ತಿತ್ತು. ಬಂದವರು ಅದನ್ನು ನೋಡಿ ಸಮಾಧಾನಪಟ್ಟು ಹೋಗುತ್ತಿದ್ದರು. ಆದರೆ ಮೇಜು ಇದ್ದದ್ದು ಬಲಗಡೆ. ಬಲಗೈ ಏಳುವುದೇ ಇಲ್ಲ, ನೀರು ಬೇಕು ಎಂದು ಕೇಳಲು ಬಾಯಿ ಬರುವುದಿಲ್ಲ. ಆ ಲೋಟ ತುಂಬಿರುತ್ತಿದ್ದುದು ಅದನ್ನು ಯಾರೂ ಮುಟ್ಟದೇ ಇದ್ದುದರಿಂದ. ಅಪ್ಪನ ತುಟಿ ಒಡೆದಿದ್ದವು, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು, ಮೂತ್ರ ಕಡುಹಳದಿ. ಮೇಜನ್ನು ಎಡಕ್ಕೆ ಇಡಿ ಎಂದು ಹೇಳಿದೆ. ಇಟ್ಟರು. ಮರುವಾರ ಬಂದ ಹೊಸ ಹುಡುಗಿಗೆ ಅದು ಗೊತ್ತಿರಲಿಲ್ಲ, ಮೇಜು ಮತ್ತೆ ಬಲಕ್ಕೆ ಬಂತು.

ಅಲ್ಲಿಯ ದೊಡ್ಡ ದೋಷ ಇದೇ. ಕೆಲಸದವರು ನಿಲ್ಲುತ್ತಿರಲಿಲ್ಲ. ಹುಡುಗಿಯರು ದೂರದ ಊರುಗಳಿಂದ ಬರುತ್ತಿದ್ದರು, ಸಂಬಳ ಸಾಲದೆ ಬಿಟ್ಟು ಹೋಗುತ್ತಿದ್ದರು. ಯಾರಲ್ಲೂ ಕೆಟ್ಟ ಮನಸ್ಸು ಇರಲಿಲ್ಲ. ಅಪ್ಪನಿಗೆ ಯಾವ ಕೈ ಕೆಲಸ ಮಾಡುತ್ತದೆ, ಯಾವುದನ್ನು ನುಂಗಲು ಬರುತ್ತದೆ, ಮುಖ ಹೇಗೆ ಮಾಡಿದರೆ ಶೌಚಕ್ಕೆ ಹೋಗಬೇಕು ಎಂದು ಕಲಿಯುವಷ್ಟರಲ್ಲಿ ಆ ಹುಡುಗಿ ಇರುತ್ತಿರಲಿಲ್ಲ. ಮಾತು ಬಾರದ ರೋಗಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ.

ಗೋಡೆಗೆ ನೇತು ಹಾಕಿದ್ದ ಮಗ್ಗುಲು ಬದಲಿಸುವ ಪಟ್ಟಿಯನ್ನು ನಾನು ಮೊದಮೊದಲು ಬಹಳ ಮೆಚ್ಚಿಕೊಂಡಿದ್ದೆ. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು. ಒಂದು ಮಧ್ಯಾಹ್ನ ಮೂರು ಗಂಟೆಗೆ ಹೋದಾಗ ಪಟ್ಟಿಯಲ್ಲಿ ನಾಲ್ಕು ಗಂಟೆಯ ಸಹಿ ಆಗಲೇ ಬಿದ್ದಿತ್ತು. ಆರರದೂ. ಅದೇ ಪೆನ್ನು, ಅದೇ ಓಟದ ಕೈಬರಹ. ಗಾಳಿ ಹಾಸಿಗೆ ಇದೆಯಲ್ಲ ಎಂದು ಮೇಲ್ವಿಚಾರಕರು ಉತ್ತರ ಕೊಟ್ಟರು. ಗಾಳಿ ಹಾಸಿಗೆ ಒತ್ತಡವನ್ನು ಹಂಚುತ್ತದೆ, ಆದರೆ ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ಅಪ್ಪನ ಎಡ ಹಿಮ್ಮಡಿಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಕಡುಗಪ್ಪು ಗುರುತು ನೋಡಿದ್ದು ಆ ವಾರವೇ. ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಇನ್ನೊಂದು ಸಂಗತಿ. ಅಪ್ಪ ಹಗಲಿಡೀ ತೂಕಡಿಸತೊಡಗಿದರು. ಶಾಂತವಾಗಿದ್ದಾರೆ, ಹೊಂದಿಕೊಂಡಿದ್ದಾರೆ ಎಂದರು. ಔಷಧದ ಚೀಟಿ ಕೇಳಿ ತೆಗೆಸಿದಾಗ ನಿದ್ದೆಯ ಮಾತ್ರೆಯೊಂದು ಸೇರಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ರಾತ್ರಿ ಕೂಗುವವರನ್ನು ಮಲಗಿಸಿದರೆ ಒಬ್ಬರೇ ಇಡೀ ಮಹಡಿಯನ್ನು ನೋಡಿಕೊಳ್ಳಬಹುದು. ಔಷಧದ ಚೀಟಿಯನ್ನು ಪ್ರತಿ ತಿಂಗಳು ಕೈಯಲ್ಲಿ ಹಿಡಿದು ಹಳೆಯದರ ಜೊತೆ ಹೋಲಿಸಿ ನೋಡಿ, ಹೊಸ ಹೆಸರು ಕಂಡರೆ ಏಕೆ ಎಂದು ಕೇಳಿ. ಪಕ್ಕದ ಮಂಚದ ಹಿರಿಯರು ಮೂಗಿನ ನಳಿಕೆ ಕಿತ್ತುಕೊಳ್ಳುತ್ತಾರೆ ಎಂದು ಅವರ ಮುಂಗೈಯನ್ನು ಬಟ್ಟೆಯಿಂದ ಸರಳಿಗೆ ಕಟ್ಟಿದ್ದರು. ಅವರ ಮಗ ಹೊರದೇಶದಲ್ಲಿ, ತಿಂಗಳಿಗೊಮ್ಮೆ ವಿಡಿಯೋ ಕರೆ. ಕರೆ ಬರುವ ಹೊತ್ತಿಗೆ ಬಟ್ಟೆ ಬಿಚ್ಚಿರುತ್ತಿತ್ತು.

ಅಮೆರಿಕದಲ್ಲಿ ಇಂಥ ಕೇಂದ್ರಗಳಿಗೆ 2008ರಿಂದ ಸರ್ಕಾರವೇ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತದೆ. ತಪಾಸಣೆಯಲ್ಲಿ ಸಿಕ್ಕ ಲೋಪಗಳು, ಒಬ್ಬೊಬ್ಬರಿಗೆ ದಿನಕ್ಕೆ ಸಿಗುವ ಸಿಬ್ಬಂದಿಯ ಸಮಯ, ರೋಗಿಗಳ ಸ್ಥಿತಿ ಎಂಬ ಮೂರು ಲೆಕ್ಕದ ಮೇಲೆ ಅದು ನಿಂತಿದೆ. ರೋಗಿಗಳ ಸ್ಥಿತಿ ಎಂದರೆ ಹಾಸಿಗೆ ಹುಣ್ಣು, ಬಿದ್ದು ಆದ ಪೆಟ್ಟು, ಮಂಕು ಬರಿಸುವ ಮಾತ್ರೆಗಳು, ತೆಗೆಯದೆ ಬಿಟ್ಟ ಮೂತ್ರದ ನಳಿಕೆ ಇಂಥವು. ಸಿಬ್ಬಂದಿಯ ಲೆಕ್ಕವನ್ನು ಕೇಂದ್ರದವರ ಬಾಯಿಮಾತಿನಿಂದ ತೆಗೆಯುವುದಿಲ್ಲ, ಸಂಬಳದ ದಾಖಲೆಯಿಂದ ತೆಗೆಯುತ್ತಾರೆ. ಕಲಬುರಗಿಯಲ್ಲಿ ನಮಗೆ ನಕ್ಷತ್ರ ಕೊಡುವವರಿಲ್ಲ. ಆದರೆ ಅವರು ಎಣಿಸುವುದನ್ನು ನಾವೂ ಎಣಿಸಬಹುದು. ರಾತ್ರಿ ಎರಡು ಗಂಟೆಗೆ ಎಷ್ಟು ರೋಗಿಗಳಿಗೆ ಎಷ್ಟು ಜನ ಇರುತ್ತಾರೆ, ಇವರಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕಚೇರಿಯಲ್ಲಿ ಕೇಳುವ ಬದಲು ನೆಲ ಒರೆಸುವವರನ್ನು, ಅಡುಗೆಯವರನ್ನು ಕೇಳಿ. ಅವರು ಸುತ್ತಿ ಬಳಸಿ ಹೇಳುವುದಿಲ್ಲ.

ಮನೆಯ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಸಂಸ್ಥೆಯೊಂದರ ಮೂಲಕ ಹಗಲಿಗೊಬ್ಬರು, ರಾತ್ರಿಗೊಬ್ಬರು ಬಂದರು. ಇಬ್ಬರಿಗೂ ಸೇರಿ ಖರ್ಚು ರಿಂಗ್ ರಸ್ತೆಯದನ್ನೂ ಮೀರಿತು. ಅಪ್ಪನ ಮುಖದಲ್ಲಿ ಗೆಲುವು ಬಂದದ್ದು ನಿಜ: ತನ್ನ ಮನೆ, ತನ್ನ ಕಿಟಕಿ, ಅವ್ವನ ಕೈ ಅಡುಗೆ. ಚಿಂಚೋಳಿ ಕಡೆಯ ಹಗಲಿನ ಹುಡುಗ ಕೆಲಸವನ್ನು ಚೆನ್ನಾಗಿ ಬಲ್ಲವನು. ಆದರೆ ಮೈಯಲ್ಲಿ ಬಲವಿಲ್ಲದ ದೊಡ್ಡ ಆಳನ್ನು ಒಬ್ಬರೇ ಎತ್ತಲು ಆಗುವುದಿಲ್ಲ. ಎರಡನೆಯ ಜೋಡಿ ಕೈ ಯಾವಾಗಲೂ ಅವ್ವನದೇ ಆಗುತ್ತಿತ್ತು, ಅವ್ವನಿಗೆ ಎಪ್ಪತ್ತು ದಾಟಿದೆ. ರಾತ್ರಿಯವರು ಬಾರದ ದಿನ ಮುಂಜಾನೆಯವರೆಗೆ ನಾನು, ಬೆಳಗಾದರೆ ಶಾಲೆ. ಮನೆಯಲ್ಲಿ ಎತ್ತಲು ಇಬ್ಬರು ಗಟ್ಟಿಗರು ಇದ್ದರೆ, ರಜೆ ಹಾಕಿದವರ ಬದಲಿಗೆ ಅದೇ ದಿನ ಬೇರೊಬ್ಬರನ್ನು ಕಳಿಸುವ ಸಂಸ್ಥೆ ಸಿಕ್ಕರೆ ಮನೆಯೇ ಎಲ್ಲಕ್ಕಿಂತ ಮೇಲು. ನಮಗೆ ಎರಡೂ ಇರಲಿಲ್ಲ.

ಆಳಂದ ರಸ್ತೆಯದನ್ನು ಮೊದಲು ನೋಡಿದ್ದು ನನ್ನ ತಂಗಿ. ಯಾದಗಿರಿಯಿಂದ ಬೆಳಗಿನ ರೈಲಿಗೆ ಬಂದವಳು ಮನೆಗೂ ಬಾರದೆ ನೇರವಾಗಿ ಅಲ್ಲಿಗೆ ಹೋದಳು. ಬೆಳಗಿನ ಹೊತ್ತು ಬಹಳ ಒಳ್ಳೆಯ ಹೊತ್ತು. ರಾತ್ರಿಯ ಆರೈಕೆ ಹೇಗಿತ್ತು ಎಂಬುದನ್ನು ಇನ್ನೂ ಯಾರೂ ಒರೆಸಿರುವುದಿಲ್ಲ. ಹಜಾರದಲ್ಲಿ ಸ್ವಲ್ಪ ಮೂತ್ರದ ವಾಸನೆ ಇತ್ತು, ಆದರೆ ಹಾಸಿಗೆಗಳು ಒಣಗಿದ್ದವು ಎಂದು ಫೋನಿನಲ್ಲಿ ಹೇಳಿದಳು. ರಿಂಗ್ ರಸ್ತೆಯದರಲ್ಲಿ ಇದು ತಿರುಗುಮುರುಗು: ಎಲ್ಲೆಡೆ ಫಿನಾಯಿಲ್ ಘಮ, ಹೊದಿಕೆಯ ಕೆಳಗೆ ಕೈಯಿಟ್ಟರೆ ಒದ್ದೆ. ಅಲ್ಲಿ ರಾತ್ರಿ ಕಟ್ಟಿದ ಡಯಾಪರ್ ಬೆಳಗಿನವರೆಗೆ. ಇಲ್ಲಿ ಹಗಲಿನಲ್ಲಿ ಮೂರು ಗಂಟೆಗೊಮ್ಮೆ ಇಬ್ಬರು ಹಿಡಿದು ಅಪ್ಪನನ್ನು ಕಮೋಡ್ ಕುರ್ಚಿಯ ಮೇಲೆ ಕೂರಿಸುತ್ತಾರೆ, ಮುಂದೆ ಪರದೆ ಎಳೆಯುತ್ತಾರೆ. ಅಪ್ಪ ಮತ್ತೆ ಮನುಷ್ಯರಂತೆ ಕೂರತೊಡಗಿದ್ದು ಇಲ್ಲಿಯೇ.

ಇಲ್ಲಿಯ ಒಬ್ಬ ಆಯಾ ಬಗ್ಗೆ ಬರೆಯಲೇಬೇಕು. ವರ್ಷಗಳಿಂದ ಇಲ್ಲಿಯೇ ಇದ್ದಾರೆ, ಮನೆಮಾತು ದಖನಿ ಉರ್ದು. ಲಕ್ವಾದಲ್ಲಿ ಮಾತು ಹೋದವರಿಗೂ ಬಾಯಿಪಾಠವಾದ ಎಣಿಕೆ, ಪ್ರಾರ್ಥನೆ, ಹಾಡು ಕೆಲವೊಮ್ಮೆ ಉಳಿದಿರುತ್ತವೆ. ಅಪ್ಪನಿಗೆ ಉಳಿದದ್ದು ಗಂಜಿನ ಎಣಿಕೆ. ಮಗ್ಗುಲು ಬದಲಿಸುವಾಗ ಅವರು ಅಪ್ಪನ ಎಡಗೈಯನ್ನು ಮಂಚದ ಪಟ್ಟಿಗೆ ಹಿಡಿಸಿ, "ಕಾಕಾ, ಗಿನೋ" ಎನ್ನುತ್ತಾರೆ. ಅಪ್ಪ "ಏಕ್, ದೋ, ತೀನ್" ಎನ್ನುತ್ತಾರೆ, ಮೂರಕ್ಕೆ ಇಬ್ಬರೂ ಸೇರಿ ಹೊರಳುತ್ತಾರೆ. ನಮ್ಮ ಹೆಸರು ಬಾರದ ಬಾಯಲ್ಲಿ ಎಣಿಕೆ ಬರುತ್ತದೆ ಎಂಬುದನ್ನು ಕಂಡುಹಿಡಿದದ್ದು ಆಕೆ, ಯಾವ ವೈದ್ಯರೂ ಅಲ್ಲ.

ಊಟ ಮಾಡಿಸುವುದನ್ನು ಕೊನೆಯವರೆಗೆ ಕುಳಿತು ನೋಡಿ. ನುಂಗುವ ತೊಂದರೆ ಇರುವವರಿಗೆ ನೀರಿನಂಥ ಪದಾರ್ಥ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನೇರವಾಗಿ ಕೂರಿಸಬೇಕು, ಗದ್ದ ಸ್ವಲ್ಪ ಬಗ್ಗಿರಬೇಕು, ಒಂದು ಚಮಚ ನುಂಗಿದ ಮೇಲೆಯೇ ಮುಂದಿನದು, ಊಟವಾದ ಮೇಲೂ ಅರ್ಧ ಗಂಟೆ ಕೂತಿರಬೇಕು. ರಿಂಗ್ ರಸ್ತೆಯಲ್ಲಿ ತಲೆದಿಂಬಿಗೆ ಒರಗಿಸಿ ತೆಳು ಗಂಜಿಯನ್ನು ನಿಂತುಕೊಂಡೇ ಬಾಯಿಗೆ ಹಾಕುತ್ತಿದ್ದರು, ಪ್ರತಿ ಊಟಕ್ಕೂ ಕೆಮ್ಮು. ಇಲ್ಲಿ ಜೋಳದ ನುಚ್ಚನ್ನು ಬೇಳೆಯಲ್ಲಿ ಕಲಸಿ ಮುದ್ದೆಗಟ್ಟುವಷ್ಟು ದಪ್ಪ ಮಾಡುತ್ತಾರೆ. ಆಯಾ ಸ್ಟೂಲಿನ ಮೇಲೆ ಅಪ್ಪನ ಕಣ್ಣಿನ ಮಟ್ಟಕ್ಕೆ ಕೂರುತ್ತಾರೆ, ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿ ಮುಂದಿನ ಚಮಚ ಎತ್ತುತ್ತಾರೆ. ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ.

ಒಂದು ರಾತ್ರಿ ಅಪ್ಪ ಇಲ್ಲಿ ಮಂಚದಿಂದ ಜಾರಿ ಬಿದ್ದರು. ಆಗಲೇ ಫೋನು ಬಂತು: ಬಿದ್ದಿದ್ದಾರೆ, ತಲೆಗೆ ಪೆಟ್ಟಿಲ್ಲ, ಭುಜ ಕೆಂಪಾಗಿದೆ, ಆಸ್ಪತ್ರೆಗೆ ಕರೆದೊಯ್ಯಲೇ ಎಂದು ಕೇಳಿದರು. ಬಿದ್ದದ್ದು ದೋಷವೇ, ಮಂಚಕ್ಕೆ ಸರಳು ಇರಲಿಲ್ಲ. ಆದರೆ ರಿಂಗ್ ರಸ್ತೆಯಲ್ಲಿ ತೋಳಿನ ಮೇಲೆ ನೀಲಿಗಟ್ಟಿದ್ದನ್ನು ನಾನೇ ಕಂಡು ಕೇಳಿದಾಗ ರಕ್ತದೊತ್ತಡ ನೋಡುವ ಪಟ್ಟಿ ಬಿಗಿಯಾಗಿರಬೇಕು ಎಂದಿದ್ದರು. ಪೆಟ್ಟು ಯಾವ ಜಾಗದಲ್ಲೂ ಆಗಬಹುದು, ಅದನ್ನು ನಮಗೆ ಯಾರು ಮೊದಲು ಹೇಳುತ್ತಾರೆ ಎಂಬುದರಲ್ಲಿ ನನ್ನ ನಂಬಿಕೆ ನಿಂತಿದೆ.

ಆಳಂದ ರಸ್ತೆಯದರ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಮಾತ್ರೆಗಳನ್ನು ಹೆಸರು ಬರೆದ ಲಕೋಟೆಯಲ್ಲಿ ಇಡುತ್ತಾರೆ, ಕೊಟ್ಟದ್ದನ್ನು ಬರೆದಿಡುವುದಿಲ್ಲ. ಮಾತ್ರೆಯ ಪಟ್ಟಿ ಎಣಿಸಿ ನೋಡಿದಾಗ ಲೆಕ್ಕ ತಪ್ಪಿದ್ದುಂಟು. ಫಿಸಿಯೋಥೆರಪಿ ಇಲ್ಲವೇ ಇಲ್ಲ. ಲಕ್ವಾ ಹೊಡೆದ ಮೊದಲ ತಿಂಗಳುಗಳಲ್ಲಿ ವ್ಯಾಯಾಮದಿಂದ ಬರುವ ಚೇತರಿಕೆ ಆಮೇಲೆ ಅಷ್ಟಾಗಿ ಬರುವುದಿಲ್ಲ. ಹೀಗಾಗಿ ಈಗಷ್ಟೇ ಆಸ್ಪತ್ರೆಯಿಂದ ಬಂದವರನ್ನು, ಎದ್ದು ನಡೆಯುವ ಆಸೆ ಇರುವವರನ್ನು ಇಲ್ಲಿಗೆ ಕರೆತರುವುದಾದರೆ ಫಿಸಿಯೋಥೆರಪಿಯವರನ್ನು ನೀವೇ ಗೊತ್ತುಮಾಡಬೇಕು. ಮೂತ್ರದ ನಳಿಕೆ, ಮೂಗಿನ ನಳಿಕೆ ಇರುವವರಿಗೂ ಇದು ತಕ್ಕ ಜಾಗವಲ್ಲ. ತರಬೇತಿ ಪಡೆದ ನರ್ಸ್ ಹಗಲು ರಾತ್ರಿ ಇರುವಲ್ಲಿಯೇ ಅವರು ಇರಬೇಕು.

ಕಾನೂನಿನ ಆಸರೆ ಸ್ವಲ್ಪ ಇದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತು ಹೇಳುತ್ತದೆ. ಅದು ನಿರ್ಗತಿಕರಿಗೆ. ಹಣ ಕೊಟ್ಟು ಇಡುವ ನಮ್ಮಂಥವರು ಕಣ್ಣು ತೆರೆದು ಆರಿಸಿಕೊಳ್ಳಬೇಕು. ಹಿರಿಯರ ಮೇಲೆ ದೌರ್ಜನ್ಯ ಕಂಡರೆ 14567 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಕೈ ಕಟ್ಟಿಸಿಕೊಂಡ ಆ ಹಿರಿಯರ ವಿಷಯವಾಗಿ ನಾವು ಮೊದಲು ಅವರ ಮಗನಿಗೇ ಫೋನು ಮಾಡಿ ಹೇಳಿದೆವು. ಆತ ಬಂದು ಅವರನ್ನು ಬೇರೆಡೆಗೆ ಕರೆದೊಯ್ದ.

ಅಪ್ಪನ ಹಿಮ್ಮಡಿಯ ಗುರುತು ಮಾಯಲು ತಿಂಗಳುಗಳೇ ಹಿಡಿದವು. ಈಗ ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುತ್ತಾರೆ. ಮಂಚಕ್ಕೆ ಸರಳನ್ನು ನಾವೇ ಬೆಸುಗೆ ಅಂಗಡಿಯಲ್ಲಿ ಮಾಡಿಸಿ ಹಾಕಿಸಿದೆವು. ಫಿಸಿಯೋಥೆರಪಿಯವರು ಮಂಗಳವಾರ, ಶುಕ್ರವಾರ ಅಲ್ಲಿಗೇ ಹೋಗುತ್ತಾರೆ. ಅದೂ ಸೇರಿ ಖರ್ಚು ರಿಂಗ್ ರಸ್ತೆಯದಕ್ಕಿಂತ ಕಡಿಮೆ. ಮಾತ್ರೆ ಕೊಟ್ಟ ಕೂಡಲೇ ಗುರುತು ಹಾಕಲು ಗೆರೆ ಎಳೆದ ಪುಸ್ತಕವೊಂದನ್ನು ತಂಗಿ ತಂದುಕೊಟ್ಟಿದ್ದಾಳೆ. ಅದನ್ನು ಎಲ್ಲ ಮಂಚಗಳಿಗೂ ಮಾಡಿ ಎಂದು ಟ್ರಸ್ಟಿನವರನ್ನು ಕೇಳಿದ್ದೇವೆ, ಮುಂದಿನ ಸಭೆಯಲ್ಲಿ ಉತ್ತರ ಕೊಡುವುದಾಗಿ ಹೇಳಿದ್ದಾರೆ.