ಕರೆಂಟಿಗೆ ಸ್ಥಿರ ದರವೋ, ಮಾರುಕಟ್ಟೆ ದರವೋ?

ಸ್ಥಿರ ದರದಲ್ಲಿ ಒಪ್ಪಂದದ ಅವಧಿ ಮುಗಿಯುವವರೆಗೆ ಯೂನಿಟ್ ಬೆಲೆ ಬದಲಾಗದು. ಏರಿಳಿತದ ಅಪಾಯವನ್ನು ಕಂಪನಿ ಹೊರುತ್ತದೆ, ಅದರ ಖರ್ಚನ್ನು ದರದೊಳಗೇ ಸೇರಿಸಿರುತ್ತದೆ. ನಡುವೆ ಬಿಟ್ಟರೆ ದಂಡ ಬೀಳಬಹುದು. ಆ ಷರತ್ತು ಓದದೆ ಸಹಿ ಹಾಕಬೇಡಿ.

ಮಾರುಕಟ್ಟೆ ದರ, ಕಂಪನಿಗಳು ಕರೆಂಟು ಕೊಳ್ಳುವ ಸಗಟು ಬೆಲೆಯನ್ನು ಹಿಂಬಾಲಿಸಿ, ಗಂಟೆಗೊಮ್ಮೆ, ಕೆಲವೆಡೆ 15 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಆ ಲೆಕ್ಕಕ್ಕೆ ಸ್ಮಾರ್ಟ್ ಮೀಟರ್ ಬೇಕೇಬೇಕು. ಬಿಸಿಲು, ಗಾಳಿ ಜೋರಾಗಿದ್ದು ಬೇಡಿಕೆ ಕಡಿಮೆಯಿದ್ದರೆ ಸಗಟು ಬೆಲೆ ಸೊನ್ನೆಗಿಂತ ಕೆಳಗೂ ಇಳಿಯುವುದುಂಟು. ಆಗಲೂ ಕರೆಂಟು ಸಾಗಿಸುವ ಜಾಲದ ಶುಲ್ಕ, ತೆರಿಗೆ ತಪ್ಪದು. ಹಾಗಾಗಿ ಕರೆಂಟು ಪುಕ್ಕಟೆ ಎಂದುಕೊಳ್ಳಬೇಡಿ.

ಅಪಾಯ ಎಷ್ಟು ದೊಡ್ಡದೆಂದರೆ, 2021ರ ಫೆಬ್ರುವರಿಯ ಚಳಿಯಲ್ಲಿ ಟೆಕ್ಸಾಸ್‌ನ ಸಗಟು ಬೆಲೆ ಮೆಗಾವ್ಯಾಟ್-ಗಂಟೆಗೆ (1,000 ಯೂನಿಟ್‌ಗೆ) 9,000 ಡಾಲರ್‌ನ ಗರಿಷ್ಠ ಮಿತಿಯಲ್ಲೇ ದಿನಗಟ್ಟಲೆ ನಿಂತಿತ್ತು. ಅಂದರೆ ಯೂನಿಟ್‌ಗೆ 9 ಡಾಲರ್. ಮಾರುಕಟ್ಟೆ ದರದಲ್ಲಿದ್ದು 40 ಯೂನಿಟ್ ಬಳಸಿದ ಮನೆಗೆ ಒಂದೇ ದಿನಕ್ಕೆ 360 ಡಾಲರ್! ಆ ಚಳಿಯಲ್ಲಿ ಹೀಟರ್ ಆಫ್ ಮಾಡುವಂತೆಯೂ ಇರಲಿಲ್ಲ.

ಎಲೆಕ್ಟ್ರಿಕ್ ಕಾರು, ನೀರಿನ ಹೀಟರ್, ಬ್ಯಾಟರಿ ಇದ್ದು, ಬಳಕೆಯ ದೊಡ್ಡ ಪಾಲನ್ನು ಅಗ್ಗದ ಗಂಟೆಗಳಿಗೆ ಸರಿಸಬಲ್ಲವರಿಗೆ ಮಾರುಕಟ್ಟೆ ದರ ಲಾಭ. ಸಂಜೆಯೇ ಬಳಕೆ ಹೆಚ್ಚು, ತಿಂಗಳ ಬಜೆಟ್ ಬಿಗಿ ಎನ್ನುವವರಿಗೆ ಸ್ಥಿರ ದರವೇ ಸರಿ. ಎರಡರ ನಡುವೆ ತೂಗಾಡುತ್ತಿದ್ದರೆ, ಬೆಲೆಗೆ ಮೇಲ್ಮಿತಿ ಇರುವ ಮಾರುಕಟ್ಟೆ ಯೋಜನೆ ಇದೆಯೇ ಎಂದು ಕೇಳಿ.