ಐದು ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್: ಕೆಲವು ವರ್ಷ ಬಳಸಿದ ಮೇಲೆ

ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವ ನನಗೆ, ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ ಐದು ಲೀಟರ್‌ವರೆಗೆ ಪೈಪಿನಲ್ಲಿ ಮೂಗಿಗೆ ಕೊಡುವ ಈ ಮೆಷಿನ್ ಬಗ್ಗೆ ಎಲ್ಲರೂ ಕೇಳುವುದು ಒಂದೇ: ಹಾಕಿಕೊಂಡರೆ ಏದುಸಿರು ನಿಲ್ಲುತ್ತಾ? ಇಲ್ಲ, ಪೂರ್ತಿ ನಿಲ್ಲುವುದಿಲ್ಲ. ಇದು ರಕ್ತದ ಆಕ್ಸಿಜನ್ ಮಟ್ಟ ಏರಿಸುತ್ತದೆ, ಅಷ್ಟೇ. ನಮ್ಮ ಕಾಯಿಲೆಯಲ್ಲಿ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಎದೆಯಲ್ಲೇ ಉಳಿದು, ಮುಂದಿನ ಉಸಿರಿಗೆ ಜಾಗ ಬಿಡುವುದಿಲ್ಲ. ಅದಕ್ಕೆ ಈ ಮೆಷಿನ್ ಏನು ಮಾಡೀತು?

ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಶೇಕಡಾ 92 ತೋರಿಸುತ್ತಿದ್ದರೂ ಸ್ನಾನ ಮಾಡಿ ಬಂದರೆ ದಮ್ಮು ಕಟ್ಟುತ್ತದೆ. ಆಗ ಮುಂದಕ್ಕೆ ಬಾಗಿ ಕೂರುತ್ತೇನೆ. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುತ್ತೇನೆ. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನ ಗಾಳಿ ಮುಖಕ್ಕೆ ಬಿದ್ದರೆ ಇನ್ನೂ ಬೇಗ ಹಗುರಾಗುತ್ತದೆ. ನಗಬೇಡಿ, ಡಾಕ್ಟರುಗಳೇ ಹೇಳಿಕೊಡುವ ಉಪಾಯ ಇದು.

ಹಾಗಾದರೆ ಮೆಷಿನ್ ಯಾಕೆ? ಸುಮ್ನೆ ಕೂತಾಗಲೂ ಆಕ್ಸಿಜನ್ 88 ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ ಇದು ಆಯುಸ್ಸಿನ ಪ್ರಶ್ನೆ. ಆದರೆ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಳ್ಳಬೇಕು. ಏದುಸಿರು ಬಂದಾಗ ಹತ್ತು ನಿಮಿಷ ಹಾಕಿ ತೆಗೆದಿಟ್ಟರೆ ಆ ಲಾಭ ಸಿಗುವುದಿಲ್ಲ.

ಉಸಿರು ಸಿಕ್ಕಿಕೊಂಡಾಗ ನಾಬ್ ತಿರುಗಿಸಿ ಜಾಸ್ತಿ ಮಾಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಆಕ್ಸಿಜನ್ ಅತಿಯಾದರೆ ನಮ್ಮಲ್ಲಿ ಕೆಲವರಿಗೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ನನಗೆ ಡಾಕ್ಟರ್ ಕೊಟ್ಟಿರುವ ಗುರಿ 88ರಿಂದ 92. ನೂರು ಅಲ್ಲ.

ಇನ್ನು ಯಂತ್ರದ ವಿಷಯ. ಕೋಣೆಯ ಗಾಳಿಯಲ್ಲಿರುವ ನೈಟ್ರೋಜನ್ನನ್ನು ಜಿಯೋಲೈಟ್ ಹರಳುಗಳು ಹಿಡಿದಿಟ್ಟುಕೊಂಡು ಸುಮಾರು 93 ಶೇಕಡಾ ಆಕ್ಸಿಜನ್ ಕೊಡುತ್ತವೆ. ಸಿಲಿಂಡರ್ ತುಂಬಿಸುವ ಗೋಳಿಲ್ಲ. ಆದರೆ ಸದ್ದು ಇದೆ, ರಾತ್ರಿಯಿಡೀ. ಬಿಸಿಗಾಳಿಯನ್ನೂ ಉಗುಳುತ್ತದೆ. ನಾನು ಉದ್ದದ ಪೈಪ್ ಹಾಕಿ ಅದನ್ನು ಪಕ್ಕದ ಕೋಣೆಗೆ ದಬ್ಬಿದ್ದೇನೆ. ಈಗ ಎಲ್ಲರೂ ಆ ಪೈಪಿಗೆ ಎಡವುತ್ತಾರೆ! ಕರೆಂಟ್ ಹೋದರೆ ಮೆಷಿನ್ ನಿಂತೇ ಹೋಗುತ್ತದೆ, ಹಾಗಾಗಿ ಒಂದು ಸಿಲಿಂಡರ್ ಇರಲೇಬೇಕು. ವಾರಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ. ಬೆಂಕಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಮೂಗು ಒಣಗಿತೆಂದು ವ್ಯಾಸಲೀನ್ ಹಚ್ಚುವುದೂ ಬೇಡ, ನೀರಿನಂಶದ ಜೆಲ್ ಸಾಕು.

ಐದಕ್ಕೆ ನಾಲ್ಕು ಅಂಕ. ಕಳೆದದ್ದು ಸದ್ದಿಗೆ. ಹೆಗಲಿಗೆ ಹಾಕುವ ಚಿಕ್ಕ ಮೆಷಿನ್ ನೋಡುತ್ತಿರುವವರಿಗೆ ಒಂದು ಮಾತು: ಅವುಗಳಲ್ಲಿ ಹೆಚ್ಚಿನವು ಉಸಿರು ಎಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತವೆ. ನಿದ್ದೆಯಲ್ಲಿ ಬಾಯಿಂದ ಉಸಿರಾಡುವವರ ಎಳೆತ ಅದಕ್ಕೆ ಗೊತ್ತಾಗದೇ ಹೋಗಬಹುದು. ಕೊಳ್ಳುವ ಮುಂಚೆ ಅದನ್ನು ಹಾಕಿಕೊಂಡು ನಡೆದು, ಮಲಗಿ, ಆಕ್ಸಿಮೀಟರ್ ಹಾಕಿ ನೋಡಿ.