ಧಾರವಾಡದಿಂದ ಕೌಂಟಿ ಬೌಲರ್‌ನನ್ನು ನೋಡುವುದು: ಒಂದು ಉಚಿತ ನೇರಪ್ರಸಾರದ ವಿಮರ್ಶೆ

ಇಂಗ್ಲೆಂಡಿನ ಕೌಂಟಿ ಕ್ಲಬ್ಬುಗಳು, ಅಂದರೆ ಅಲ್ಲಿನ ಜಿಲ್ಲೆಗಳ ಹೆಸರಿನ ವೃತ್ತಿಪರ ತಂಡಗಳು, ತಮ್ಮ ನಾಲ್ಕು ದಿನಗಳ ಚಾಂಪಿಯನ್‌ಶಿಪ್ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ನೇರಪ್ರಸಾರ ಮಾಡುತ್ತವೆ. ಧಾರವಾಡದಲ್ಲಿ ಹುಡುಗರಿಗೆ ಬೌಲಿಂಗ್ ಹೇಳಿಕೊಡುವ ನಾನು ಕೆಲವು ವರ್ಷಗಳಿಂದ ಈ ಪ್ರಸಾರವನ್ನು ಬಿಡದೆ ನೋಡುತ್ತ ಬಂದಿದ್ದೇನೆ. ಮಧ್ಯಮ ವೇಗದ ಬೌಲಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲವಾದ್ದರಿಂದ ಇದರ ಗುಣದೋಷಗಳನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಪ್ರಸಾರದ ಸಮಯ ನಮಗೆ ಬಹಳ ಅನುಕೂಲಕರವಾಗಿದೆ. ಅಲ್ಲಿ ಬೆಳಿಗ್ಗೆ 11 ಗಂಟೆಗೆ ಆಟ ಶುರುವಾದರೆ ಇಲ್ಲಿ ಮಧ್ಯಾಹ್ನ 3.30 ಆಗಿರುತ್ತದೆ, ಬೇಸಿಗೆ ಶಿಬಿರದ ಹುಡುಗರು ಬೆಳಗಿನ ಅಭ್ಯಾಸ ಮುಗಿಸಿ, ಊಟ ಮಾಡಿ, ಬಿಸಿಲಿಗೆ ಹೊರಗೆ ಹೋಗಲಾರದೆ ಕುಳಿತಿರುವ ಹೊತ್ತು ಅದು. ಏಪ್ರಿಲ್ ತಿಂಗಳಲ್ಲಿ ನಮ್ಮ ಮೈದಾನದ ಕೆಂಪು ಮಣ್ಣು ಕಾದು ಬಿರಿಯುತ್ತಿರುವಾಗ ಪರದೆಯ ಮೇಲೆ ಸ್ವೆಟರ್ ತೊಟ್ಟ ಆಟಗಾರರು, ಕವಿದ ಮೋಡ, ಹುಲ್ಲಿರುವ ಪಿಚ್ ಕಾಣುತ್ತವೆ. ಚೆಂಡು ಅಲ್ಲಿ ಏಕೆ ಹಾಗೆ ತಿರುಗುತ್ತದೆ ಎಂದು ಬಾಯಲ್ಲಿ ವಿವರಿಸುವುದಕ್ಕಿಂತ ಇದನ್ನು ತೋರಿಸುವುದು ಸುಲಭ.

ಚಿತ್ರ ಸರಳವಾಗಿದೆ. ಕ್ಯಾಮೆರಾ ಬಹುಪಾಲು ಬೌಲರ್‌ನ ಕೈಯ ಹಿಂದೆಯೇ ನಿಂತಿರುತ್ತದೆ. ಟಿ-20 ಪ್ರಸಾರದ ಅಬ್ಬರ ಇಲ್ಲಿಲ್ಲ. ಅನೇಕ ಪಂದ್ಯಗಳಿಗೆ ಬಿಬಿಸಿಯ ಸ್ಥಳೀಯ ರೇಡಿಯೊದ ವೀಕ್ಷಕ ವಿವರಣೆಯನ್ನೇ ಜೋಡಿಸಿರುತ್ತಾರೆ. ಆ ವಿವರಣೆಕಾರರು ವರ್ಷಗಟ್ಟಲೆ ಒಂದೇ ಕೌಂಟಿಯ ಜೊತೆಗಿದ್ದವರಾದ್ದರಿಂದ, ಈ ಬೌಲರ್ ಎರಡನೆಯ ತಂಡದಿಂದ ಯಾವಾಗ ಮೇಲೆ ಬಂದ, ಯಾವ ವರ್ಷ ಬೆನ್ನುನೋವಿನಿಂದ ಹೊರಗುಳಿದ, ತಂಡದಲ್ಲಿ ನೆಲೆಯೂರಿದವರಿಗೆ ಕೊಡುವ ಕೌಂಟಿ ಕ್ಯಾಪ್ ಯಾವಾಗ ಸಿಕ್ಕಿತು ಎಂಬುದನ್ನೆಲ್ಲ ಊರ ಹುಡುಗನ ಬಗ್ಗೆ ಮಾತನಾಡುವಷ್ಟು ಸಲೀಸಾಗಿ ಹೇಳುತ್ತಾರೆ.

ನನ್ನ ಮಟ್ಟಿಗೆ ಪ್ರಸಾರದ ನಿಜವಾದ ಬೆಲೆ ಇರುವುದು ಅದರ ಉದ್ದದಲ್ಲಿ. ದಿನಕ್ಕೆ 96 ಓವರ್‌ಗಳ ಆಟ. ಅದರಲ್ಲಿ ಒಬ್ಬ ಸೀಮ್ ಬೌಲರ್ (ಚೆಂಡನ್ನು ಅದರ ಹೊಲಿಗೆಯ ಮೇಲೆ ಬೀಳಿಸಿ ದಿಕ್ಕು ಬದಲಿಸುವವನು) ಇಪ್ಪತ್ತು ಓವರ್ ಹಾಕುವುದು ಅಪರೂಪವೇನಲ್ಲ. ವಿಕೆಟ್ ಬಿದ್ದ ಚೆಂಡನ್ನು ಮುಖ್ಯಾಂಶಗಳಲ್ಲಿ ಯಾರಾದರೂ ನೋಡಬಹುದು, ಆದರೆ ಆ ವಿಕೆಟ್ ತಯಾರಾದದ್ದು ಅದರ ಹಿಂದಿನ ನಾಲ್ಕು ಓವರ್‌ಗಳಲ್ಲಿ ಎಂಬುದು ಇಲ್ಲಿ ಮಾತ್ರ ಕಾಣುತ್ತದೆ. ಆಫ್‌ಸ್ಟಂಪಿನ ಹೊರಗೆ ಅದೇ ಜಾಗಕ್ಕೆ ಹತ್ತು ಹನ್ನೆರಡು ಚೆಂಡು ಹಾಕಿ, ಬ್ಯಾಟರ್‌ನ ಮುಂಗಾಲು ನಿಧಾನವಾಗಿ ಆ ಕಡೆ ಸರಿಯುವಂತೆ ಮಾಡಿ, ಆಮೇಲೆ ಒಂದನ್ನು ಒಳಕ್ಕೆ ತರುತ್ತಾರೆ. ನಡುವೆ ಕಾಲಿಡುವ ಗುಂಡಿಗೆ ಮರದ ಹೊಟ್ಟು ಸುರಿಸಿಕೊಳ್ಳುತ್ತಾರೆ, ಚೆಂಡಿನ ಒಂದೇ ಮಗ್ಗುಲನ್ನು ಉಜ್ಜುತ್ತಾರೆ. ಮೊದಲ ದಿನ ಇದನ್ನು ನೋಡಿದ ನಮ್ಮ ಒಬ್ಬ ಹುಡುಗ, “ಸರ, ಇಂವ ಒಂದ ಜಾಗಾಕ್ಕ ಎಷ್ಟ ಸಲ ಹಾಕ್ತಾನ್ರೀ?” ಎಂದು ಕೇಳಿದ್ದ. ಮರುದಿನ ಅವನೇ ನೆಟ್ಸ್‌ನಲ್ಲಿ ಗುಡ್‌ಲೆಂಗ್ತ್ ಜಾಗದ ಮೇಲೆ ಕರವಸ್ತ್ರ ಹಾಸಿಕೊಂಡು ಬೌಲ್ ಮಾಡುತ್ತಿದ್ದುದನ್ನು ಕಂಡು ನನಗಾದ ಸಂತೋಷ ಹೇಳತೀರದು.

ಚೆಂಡಿನ ಪಾಲೂ ಇದರಲ್ಲಿ ದೊಡ್ಡದು. ಕೌಂಟಿಯ ಡ್ಯೂಕ್ಸ್ ಚೆಂಡಿನ ಆರು ಸಾಲು ಹೊಲಿಗೆಯೂ ಕೈಯದು, ಆದ್ದರಿಂದ ಅದರ ಸೀಮ್, ಅಂದರೆ ಉಬ್ಬಿದ ಹೊಲಿಗೆ, ಬೇಗ ಕುಗ್ಗುವುದಿಲ್ಲ. 2024ರಲ್ಲಿ ನಾಲ್ಕು ಸುತ್ತುಗಳನ್ನು ಸೀಮ್ ಬೇಗ ಕುಗ್ಗುವ ಕೂಕಬರಾ ಚೆಂಡಿನಲ್ಲಿ ಆಡಿಸಿದಾಗ, ಅವುಗಳಲ್ಲಿ ಋತುವಿನ ಆರಂಭದಲ್ಲಿದ್ದ ಎರಡು ಸುತ್ತುಗಳಲ್ಲಿ ಬಹುತೇಕ ಪಂದ್ಯಗಳು ಡ್ರಾ ಆದವು. ಚೆಂಡು ಬದಲಾದರೆ ಬೌಲರ್‌ನ ಕಸುಬೇ ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಪ್ರಾತ್ಯಕ್ಷಿಕೆ ಬೇಕಿರಲಿಲ್ಲ.

ನೋಡುತ್ತ ಹೋದಂತೆ ಒಬ್ಬ ಕೌಂಟಿ ಬೌಲರ್‌ನ ಇಡೀ ಬದುಕೇ ಪರಿಚಯವಾಗುತ್ತದೆ. ನಾಟಿಂಗ್‌ಹ್ಯಾಮ್‌ಷೈರ್‌ನ ಲ್ಯೂಕ್ ಫ್ಲೆಚರ್ ಇಂಗ್ಲೆಂಡ್ ತಂಡಕ್ಕೆ ಒಮ್ಮೆಯೂ ಆಡದವರು. 2021ರ ಚಾಂಪಿಯನ್‌ಶಿಪ್‌ನಲ್ಲಿ 66 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಕೆಂಟ್‌ನ ಡ್ಯಾರೆನ್ ಸ್ಟೀವನ್ಸ್ ತಮ್ಮ ಹೆಚ್ಚಿನ ವಿಕೆಟ್‌ಗಳನ್ನು ಪಡೆದದ್ದು 35 ದಾಟಿದ ಮೇಲೆ. 2019ರಲ್ಲಿ, 43ರ ವಯಸ್ಸಿನಲ್ಲಿ, ಕ್ಲಬ್ಬು ಅವರನ್ನು ಕೈಬಿಡುವುದಾಗಿ ತೀರ್ಮಾನಿಸಿತ್ತು. ಋತುವಿನ ಕೊನೆಯಲ್ಲಿ ಯಾರ್ಕ್‌ಷೈರ್ ವಿರುದ್ಧ 237 ರನ್ ಹೊಡೆದು, ಅದೇ ಪಂದ್ಯದಲ್ಲಿ 20 ರನ್‌ಗೆ ಐದು ವಿಕೆಟ್ ಕಿತ್ತು, ಅವರು ಹೊಸ ಒಪ್ಪಂದ ಪಡೆದರು. ಇಂಥವರ ಹಿರಿಯಜ್ಜ ಎನ್ನಬೇಕಾದವರು ಹ್ಯಾಂಪ್‌ಷೈರ್‌ನ ಡೆರೆಕ್ ಶ್ಯಾಕಲ್ಟನ್. 1949ರಿಂದ 1968ರವರೆಗೆ ಸತತ ಇಪ್ಪತ್ತು ಋತುಗಳಲ್ಲಿ ನೂರು ವಿಕೆಟ್ ದಾಟಿ, ಒಟ್ಟು 2,857 ಪ್ರಥಮ ದರ್ಜೆ ವಿಕೆಟ್ ಗಳಿಸಿದ ಅವರಿಗೆ ದೊರೆತ ಟೆಸ್ಟ್‌ಗಳು ಏಳು. ಐಪಿಎಲ್ ಹರಾಜನ್ನೇ ಗುರಿಯಾಗಿಸಿಕೊಂಡ ಹುಡುಗರಿಗೆ ನಾನು ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ.

1995ರಲ್ಲಿ ನಮ್ಮ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ಪರವಾಗಿ 105 ವಿಕೆಟ್, ಜಾವಗಲ್ ಶ್ರೀನಾಥ್ ಗ್ಲೌಸ್ಟರ್‌ಷೈರ್ ಪರವಾಗಿ 87 ವಿಕೆಟ್ ಪಡೆದರು. ಆಗ ನಾವು ವಾಚನಾಲಯದಲ್ಲಿ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಒಂದೆರಡು ಸಾಲು ಹುಡುಕಿ ತೃಪ್ತರಾಗುತ್ತಿದ್ದೆವು. ಅವರು ಅಲ್ಲಿ ಹೇಗೆ ಬೌಲ್ ಮಾಡಿದರು ಎಂಬುದನ್ನು ನಾನು ಇಂದಿಗೂ ನೋಡಿಲ್ಲ. ಗದಗದ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಅಂಥ ಹುಡುಗನೊಬ್ಬ ಇಂದು ರೈಲಿನಲ್ಲಿ ಕುಳಿತು ಕೌಂಟಿಯ ಹಿಂದಿನ ದಿನದ ಆಟವನ್ನು ಮೊಬೈಲಿನಲ್ಲಿ ನೋಡಬಲ್ಲ.

ಕೊರತೆಗಳೂ ಇವೆ. ಕ್ಲಬ್ಬಿನಿಂದ ಕ್ಲಬ್ಬಿಗೆ ಚಿತ್ರದ ಗುಣಮಟ್ಟ ಬಹಳ ವ್ಯತ್ಯಾಸವಾಗುತ್ತದೆ. ನಾನು ನೋಡಿದ ಒಂದು ಪ್ರಸಾರದಲ್ಲಿ ಧ್ವನಿ ಚಿತ್ರಕ್ಕಿಂತ ಮುಂದೆ ಓಡುತ್ತಿದ್ದು, ಚೆಂಡು ಬೌಲರ್‌ನ ಕೈಬಿಡುವ ಮೊದಲೇ ವಿಕೆಟ್ ಬಿದ್ದದ್ದು ಕೇಳಿಸಿತು. ಕಲಿಸುವವನಿಗೆ ಇದು ದೊಡ್ಡ ತೊಂದರೆ. ಚೆಂಡಿನ ವೇಗವನ್ನು ತೋರಿಸುವ ವ್ಯವಸ್ಥೆ ನಾನು ನೋಡಿದ ಪಂದ್ಯಗಳಲ್ಲಿರಲಿಲ್ಲ. ಇನ್ನು ಚಾಂಪಿಯನ್‌ಶಿಪ್‌ನ ಹೆಚ್ಚಿನ ಸುತ್ತುಗಳನ್ನು ಏಪ್ರಿಲ್, ಮೇ ಹಾಗೂ ಸೆಪ್ಟೆಂಬರ್‌ಗೆ ತುರುಕಿ, ನಡುಬೇಸಿಗೆಯನ್ನು ಟಿ-20 ಮತ್ತು ನೂರು ಚೆಂಡಿನ ಪಂದ್ಯಾವಳಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಮ್ಮ ಮೈದಾನ ಕೆಸರಾಗಿ, ನೋಡುವುದೊಂದೇ ಅಭ್ಯಾಸವಾಗಿ ಉಳಿಯುವ ಜುಲೈ–ಆಗಸ್ಟ್ ತಿಂಗಳಲ್ಲೇ ಈ ಪಂದ್ಯಗಳು ವಿರಳವಾಗುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಹೊಸದಾಗಿ ನೋಡುವವರು ಇಡೀ ದಿನ ಕೂರಬೇಕಾಗಿಲ್ಲ. ಮಧ್ಯಾಹ್ನದ ಮೊದಲ ಗಂಟೆಯನ್ನು ನೋಡಿ, ರಾತ್ರಿ ಊಟವಾದ ಮೇಲೆ ಮತ್ತೆ ಹಾಕಿಕೊಳ್ಳಿ. ಒಂದೇ ತಂಡ ದಿನವಿಡೀ ಬ್ಯಾಟ್ ಮಾಡಿದ್ದರೆ 80 ಓವರ್ ಮುಗಿದ ಮೇಲೆ ಕೊಡುವ ಎರಡನೆಯ ಹೊಸ ಚೆಂಡು ಸಿಗುವುದು ನಮ್ಮ ರಾತ್ರಿ ಹತ್ತರ ಆಸುಪಾಸಿನಲ್ಲಿ. ಬೆಳಿಗ್ಗೆಯಿಂದ ಹದಿನೆಂಟು ಓವರ್ ಹಾಕಿ ದಣಿದ ಅದೇ ಬೌಲರ್ ಸ್ವೆಟರ್ ಕಳಚಿ ಅಂಪೈರ್ ಕೈಗಿತ್ತು, ಓಟದ ಗುರುತಿಗೆ ಮತ್ತೆ ನಡೆದುಹೋಗುವುದನ್ನು ಆಗ ನೋಡಬಹುದು.